ಇಪ್ಪತ್ತೇಳು ಜನ ನೋಡಿದ ಮೀನು

ನನ್ನ ತಮ್ಮನಿಗೆ ಅಪ್ಪ ಇಟ್ಟ ಹೆಸರು ಬೇರೆಯೇ ಇದೆ. ಆದರೆ ಆ ಹೆಸರು ಹೇಳಿ ವಿಚಾರಿಸಿದರೆ ನಮ್ಮ ಬೀದಿಯಲ್ಲಿ ಯಾರೂ ಮನೆ ತೋರಿಸಲಾರರು. ಗೊತ್ತಪ್ಪನ ಮನೆ ಎಂದರೆ ಅಂಚೆಯವನು ಕಣ್ಣು ಮುಚ್ಚಿಕೊಂಡು ಬಂದುಬಿಡುತ್ತಾನೆ. ಎದುರಿಗಿದ್ದವರ ಮಾತು ಅರ್ಧಕ್ಕೆ ಬರುವುದರೊಳಗೆ "ಗೊತ್ತು, ಗೊತ್ತು" ಎಂದು ಉಳಿದರ್ಧವನ್ನು ಅವರ ಬಾಯಲ್ಲೇ ನಿಲ್ಲಿಸಿಬಿಡುವುದು ಅವನ ರೂಢಿ. ಡಾಕ್ಟರು ಅವನ ಹೊಟ್ಟೆಯ ವಿಚಾರವನ್ನು ಅವನಿಗೇ ಹೇಳುವಾಗಲೂ ಅಷ್ಟೆ. ಇಷ್ಟೆಲ್ಲ ಗೊತ್ತಿದ್ದೂ ಅವನು ಅಳತೆ ಮತ್ತು ತೂಕದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದೇ ಗುಮಾಸ್ತ. ಅದೇಕೆ ಎಂಬುದೊಂದು ಮಾತ್ರ ಅವನಿಗೆ ಇನ್ನೂ ಗೊತ್ತಾಗಿಲ್ಲ.

ಎದುರು ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರು ಇದ್ದಾರೆ. ಶಾಲೆ ಬಿಟ್ಟು ಒಂಬತ್ತು ವರ್ಷವಾದರೂ ಬೀದಿಯವರನ್ನು ಇನ್ನೂ ಹಾಜರಿ ಕರೆಯುವಂತೆ ನೋಡುತ್ತಾರೆ. ಅವರ ಮಗಳು ಅವರಿಗೆ ಒಂದು ಗಾಜಿನ ಬೋಗುಣಿಯನ್ನೂ ಅದರೊಳಗೆ ಎರಡು ಬಂಗಾರದ ಬಣ್ಣದ ಮೀನುಗಳನ್ನೂ ತಂದುಕೊಟ್ಟಳು. ಬೀದಿಯೆಲ್ಲ ಹೋಗಿ ನೋಡಿ ಬಂತು. ನಾನೂ ನೋಡಿದೆ. ಚೆನ್ನಾಗಿದ್ದವು. ನನ್ನ ತಮ್ಮನೂ ನೋಡಿದ. ಅವನಿಗೆ ಊಟ ಸೇರದಾಯಿತು.

"ಅದು ಸಿಹಿನೀರಿನ ಮೀನು ಅಕ್ಕಾ," ಎಂದ, ಸಿಹಿನೀರೆಂದರೆ ಚರಂಡಿ ನೀರು ಎನ್ನುವಂತೆ. "ಸಿಹಿನೀರಲ್ಲಿ ಯಾರು ಬೇಕಾದ್ರೂ ಸಾಕ್ತಾರೆ. ಗಂಡಸಾದವನು ಸಾಕಿದ್ರೆ ಸಮುದ್ರದ ಮೀನು ಸಾಕಬೇಕು."

"ಸಮುದ್ರ ಎಲ್ಲಿದೆ ಇಲ್ಲಿ?" ಎಂದಳು ಅವನ ಹೆಂಡತಿ.

"ಮಾಡೋಣ," ಎಂದ ತಮ್ಮ.

ಸಮುದ್ರ ಮಾಡುವುದಕ್ಕೆ ಅವನಿಗೆ ಸರಿಯೆನಿಸಿದ ಜಾಗ ಮುಂದಿನ ಕೋಣೆಯ ಕಿಟಕಿಯ ಪಕ್ಕ. ಬೀದಿಯಲ್ಲಿ ಹೋಗುವವರಿಗೆ ಕಾಣುವುದು ಅದೊಂದೇ ಜಾಗ. ಆದರೆ ಹನ್ನೊಂದು ವರ್ಷದಿಂದ ಅಲ್ಲಿ ಅವನ ಹೆಂಡತಿಯ ಹೊಲಿಗೆ ಯಂತ್ರ ಕೂತಿತ್ತು. ಆ ವರ್ಷ ಅವಳಿಗೆ ಒಂದು ಶಾಲೆಯವರು ಅರವತ್ತು ಸಮವಸ್ತ್ರ ಹೊಲಿಯಲು ಕೊಟ್ಟಿದ್ದರು. ಶಾಲೆ ತೆರೆಯುವ ದಿನಕ್ಕೆ ಒಂದು ಕಡಿಮೆಯಾದರೂ ಮುಂದಿನ ವರ್ಷ ಬೇರೆಯವರಿಗೆ ಕೊಡುತ್ತೇವೆ ಎಂದೂ ಹೇಳಿದ್ದರು. ಕಡುನೀಲಿ ಬಟ್ಟೆ, ಕಡುನೀಲಿ ದಾರ. ಕಿಟಕಿಯ ಬೆಳಕಿಲ್ಲದೆ ಹೊಲಿಗೆ ಎಲ್ಲಿ ಹೋಯಿತೆಂದು ಕೈಯಲ್ಲಿ ತಡವಿ ನೋಡಬೇಕು.

"ರೀ, ಮನೆಗೆ ಬೆಳಕು ಬರೋದೇ ಆ ಕಿಟಕೀಲಿ. ಅಲ್ಲಿ ಮೀನು ಕೂತ್ರೆ ನಾನೆಲ್ಲಿ ಕೂರಲಿ?"

"ಗೊತ್ತು, ಗೊತ್ತು. ಬಚ್ಚಲ ಪಕ್ಕದ ಸಂದಿ ಖಾಲಿ ಇದೆಯಲ್ಲ. ತಣ್ಣಗಿರುತ್ತೆ."

ತಮ್ಮನ ಹೆಂಡತಿ ಜಗಳವಾಡುವವಳಲ್ಲ. ಅಳತೆ ತೆಗೆದುಕೊಂಡು ಕತ್ತರಿಸುವವಳು. ಟೇಪನ್ನು ಕೊರಳಿಂದ ತೆಗೆದು ಮಡಿಸುತ್ತ ಹೇಳಿದಳು: "ಮೀನು ಇರೋ ತನಕ ಕಿಟಕಿ ಮೀನಿಂದು. ಮೀನು ಇಲ್ಲ ಅಂದ ದಿನ ನನ್ನದು. ಒಪ್ತೀರಾ?"

"ಒಪ್ಪಿದೆ."

"ಅತ್ತಿಗೆ, ನೀವೇ ಸಾಕ್ಷಿ."

ಸಾಕ್ಷಿಯಾಗಲು ನನಗೇನು ಕಷ್ಟ? ಆಗಲಿ ಎಂದೆ.

ಮರುದಿನದಿಂದ ಸಾಮಾನು ಬರತೊಡಗಿತು. ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿ, ಒಂದು ಚೀಲ ಬಿಳಿ ಮರಳು, ತೂತು ತೂತಾದ ಕಲ್ಲುಗಳು, ನೀರು ತಿರುಗಿಸುವ ಪಂಪು, ನೊರೆ ಎತ್ತುವ ಒಂದು ಕೊಳವೆ, ನೀರಿನಲ್ಲಿ ಎಷ್ಟು ಉಪ್ಪಿದೆ ಎಂದು ತೋರಿಸುವ ಮುಳ್ಳಿನ ಡಬ್ಬಿ. ಇದರ ಜೊತೆಗೆ ಒಂದು ಕೈಪಿಡಿ, ನೀರು ಪರೀಕ್ಷಿಸುವ ಸಣ್ಣ ಸಣ್ಣ ಸೀಸೆಗಳು, ಒಂದು ಬಕೆಟ್ಟು ಸಮುದ್ರದ ಉಪ್ಪು. ಅಡುಗೆ ಉಪ್ಪೇ ಸಾಕೆಂದು ತಮ್ಮ ವಾದ ಮಾಡಿದ್ದನಂತೆ. ಮೀನು ಸಾಕುವ ಸಾಮಾನಿನ ಅಂಗಡಿಯವನು ಕೈಮುಗಿದು ಈ ಬಕೆಟ್ಟನ್ನು ಹೊರಿಸಿ ಕಳಿಸಿದ್ದ.

ಕೈಪಿಡಿಯನ್ನು ತಮ್ಮ ತೆರೆಯಲಿಲ್ಲ. ಅವನಿಗೆ ಗೊತ್ತಿತ್ತು. ನಾನು ಓದಲು ಕಲಿತದ್ದು ತಲೆ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಬೆರಳಿಟ್ಟು ಓದುತ್ತೇನೆ. ಬೆರಳಿಟ್ಟು ಓದುವವರಿಗೆ ಸಾಲು ಬಿಟ್ಟುಹೋಗುವ ಸೌಕರ್ಯವಿಲ್ಲ. ಹಾಗಾಗಿ ತೊಟ್ಟಿಯನ್ನು ಕಿಟಕಿಯ ಬಿಸಿಲಿನಲ್ಲಿ ಇಡಬಾರದು ಎಂಬುದನ್ನೂ ಓದಿದೆ, ನೀರು ತುಂಬಿದ ಮೇಲೆ ನಲವತ್ತು ದಿನ ಮೀನು ಬಿಡಬಾರದು ಎಂಬುದನ್ನೂ ಓದಿದೆ. ಮೊದಲು ನೀರು ಕೆಡಬೇಕಂತೆ. ಕೆಟ್ಟದ್ದನ್ನು ತಿಂದು ಶುದ್ಧಮಾಡುವ ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನ ತೂತುಗಳಲ್ಲಿ ಹುಟ್ಟಿ ಬೆಳೆಯಬೇಕಂತೆ. ಆಮೇಲೆ ಮೀನು.

"ಲೋ, ಇಲ್ಲಿ ನಲವತ್ತು ದಿನ ಅಂತ..."

"ಗೊತ್ತು, ಗೊತ್ತು," ಎಂದ. ಆಗಲೇ ಅವನು ಬೀದಿಯಲ್ಲಿ ಹದಿನೆಂಟು ಮನೆಗೂ ಕಚೇರಿಯಲ್ಲಿ ಮೂರು ಮೇಜಿಗೂ ಹೇಳಿಯಾಗಿತ್ತು: ಭಾನುವಾರ ಬನ್ನಿ, ಸಮುದ್ರದ ಮೀನು ನೋಡಲು.

ಶನಿವಾರ ಮೀನು ತರಲು ಹೋದವನು ಕಾಗದದಲ್ಲಿ ಸುತ್ತಿದ ಒಂದು ಸತ್ತ ಸೀಗಡಿಯನ್ನು ಹಿಡಿದುಕೊಂಡು ಬಂದ. ಅಂಗಡಿಯವನು ಮೀನು ಕೊಡಲು ಒಪ್ಪಲಿಲ್ಲವಂತೆ. "ಇವತ್ತು ಬಿಟ್ರೆ ಇವತ್ತೇ ಸಾಯುತ್ತೆ ಸರ್. ಅವತ್ತೇ ಹೇಳಿದ್ನಲ್ಲ? ನೀವು ಗೊತ್ತು ಅಂದ್ರಿ. ಈ ಸೀಗಡೀನ ನೀರಲ್ಲಿ ಹಾಕಿ ಕೊಳೆಯೋಕೆ ಬಿಡಿ, ನಲವತ್ತು ದಿನ ಬಿಟ್ಟು ಬನ್ನಿ," ಎಂದನಂತೆ. ಹೀಗೆ ನಮ್ಮ ಸಮುದ್ರಕ್ಕೆ ಬಂದ ಮೊದಲ ಜೀವಿ ಜೀವವಿಲ್ಲದ್ದಾಗಿತ್ತು.

ಭಾನುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಒಳಗೆ ಬಂತು. ಚಪ್ಪಲಿಗಳು ಗೇಟಿನ ತನಕ. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು ಎಲ್ಲರಿಗಿಂತ ಮುಂದೆ ನಿಂತರು. ನಮ್ಮ ಮೇಲಿನ ಮನೆಯ ಹೆಂಗಸು, ನಾವು ಮಹಡಿಯಾಕೆ ಎನ್ನುವವಳು, ಮೀನು ಹೆದರಬಾರದೆಂದು ಬಳೆ ತೆಗೆದಿಟ್ಟು ಬಂದಿದ್ದಳು. ತೊಟ್ಟಿಯಲ್ಲಿ ಮರಳಿತ್ತು, ಕಲ್ಲಿತ್ತು, ಗುಳ್ಳೆಯಿತ್ತು.

"ಮೀನೆಲ್ಲಿ?" ಎಂದರು ಹೆಡ್‌ಮಾಸ್ಟರು.

ನಲವತ್ತು ದಿನ ತಡವಾಗುತ್ತದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾಫಿ ಕುಡಿದು ಹೋಗುತ್ತಿದ್ದರು. ಆದರೆ ಹಾಗೆನ್ನಬೇಕಾದರೆ ತನಗೆ ಗೊತ್ತಿರಲಿಲ್ಲ ಎಂದು ಅವನು ಒಪ್ಪಬೇಕು. ತಮ್ಮ ಒಮ್ಮೆ ಹೆಡ್‌ಮಾಸ್ಟರನ್ನು ನೋಡಿದ, ಒಮ್ಮೆ ಕಲ್ಲನ್ನು ನೋಡಿದ.

"ಕಲ್ಲಿನ ಹಿಂದೆ ಇದೆ," ಎಂದ. "ಆಳ ಸಮುದ್ರದ ಜಾತಿ. ಬಹಳ ಸಂಕೋಚ. ಬೋಗುಣಿ ಮೀನಿನ ಹಾಗೆ ಕಂಡಕಂಡವರ ಮುಂದೆ ಸುತ್ತೋದಿಲ್ಲ. ಸಮಾಧಾನ ಇದ್ದು, ಸ್ವಲ್ಪ ತಿಳಿವಳಿಕೆ ಇರೋರು ನೋಡಿದ್ರೆ ಮಾತ್ರ ಕಾಣುತ್ತೆ."

ಎಲ್ಲರೂ ಕಲ್ಲಿನ ಕಡೆ ಬಗ್ಗಿದರು. ಸಮಾಧಾನವೂ ತಿಳಿವಳಿಕೆಯೂ ತಮಗಿಲ್ಲ ಎಂದು ಮೂವತ್ತು ಜನರ ಎದುರು ಒಪ್ಪಿಕೊಳ್ಳುವ ಧೈರ್ಯ ಯಾರಿಗಿದೆ? ಪಂಪು ಗುರ್ ಎಂದು ನೀರು ತಿರುಗಿಸಿತು. ಕಲ್ಲಿನ ನೆರಳು ಅಲುಗಾಡಿತು.

"ಅಯ್ಯೋ, ಅಗೋ!" ಎಂದಳು ಮಹಡಿಯಾಕೆ. "ಬಾಲ! ಬಾಲ ಕಾಣಿಸ್ತು!"

"ಬಂದ ತಕ್ಷಣವೇ ನೋಡಿದೆ," ಎಂದರು ಹೆಡ್‌ಮಾಸ್ಟರು ಕೆಮ್ಮಿ. "ನಿಮಗೆಲ್ಲ ಕಾಣಲಿ ಅಂತ ಸುಮ್ಮನಿದ್ದೆ. ಮೂರು ಮೀಸೆ ಇದೆ."

ಆಮೇಲೆ ನೂಕುನುಗ್ಗಲು. ನೋಡದೆ ಹೊರಗೆ ಹೋದವರಿಲ್ಲ.

ಎಲ್ಲರೂ ಹೋದ ಮೇಲೆ ತಮ್ಮನ ಹೆಂಡತಿ ಸಂದಿಯಿಂದ ಬಂದಳು. "ಮೀನಿಲ್ಲ. ಮಿಷನ್ನು ತನ್ನಿ."

"ಇಲ್ವಾ?" ಎಂದ ತಮ್ಮ. "ಬೀದಿಯೆಲ್ಲ ನೋಡಿಕೊಂಡು ಹೋಯ್ತು. ಹೆಡ್‌ಮಾಸ್ಟರು ಮೀಸೆ ಎಣಿಸಿದ್ರು. ನೀನೊಬ್ಬಳು ಇಲ್ಲ ಅಂದ್ರೆ ಆಗುತ್ತಾ?"

ಅವಳು ನನ್ನ ಕಡೆ ನೋಡಿದಳು. ಒಬ್ಬ ಸಾಕ್ಷಿ ಒಂದು ಕಡೆ, ಬೀದಿ ಒಂದು ಕಡೆ. ಅವಳು ಸಂದಿಗೆ ಹೋಗಿ ಬಲ್ಬಿನ ಕೆಳಗೆ ಬಗ್ಗಿ ಕೂತಳು. ಆ ವಾರ ಎರಡು ಅಂಗಿಗೆ ಎಡತೋಳು ಬಲಕ್ಕೆ ಕೂಡಿತು, ಒಮ್ಮೆ ಸೂಜಿ ಉಗುರಿನೊಳಗೇ ಇಳಿಯಿತು. ಅರವತ್ತರಲ್ಲಿ ಹನ್ನೆರಡು ಮುಗಿದಿತ್ತು.

ಸೀಗಡಿ ಕೊಳೆಯಿತು. ಮನೆ ನಾರಿತು. ತಮ್ಮ ಅದನ್ನು ಸಾಗರದ ಗಾಳಿ ಎಂದ. ಮಹಡಿಯಾಕೆ ಕಿಟಕಿ ತೆರೆದು ಅದನ್ನು ಆಳವಾಗಿ ಎಳೆದುಕೊಂಡು, ಉಬ್ಬಸ ಕಡಿಮೆಯಾಗಿದೆ ಎಂದು ಎಲ್ಲರಿಗೂ ಹೇಳಿದಳು. ನಾನು ಕೈಪಿಡಿಯಂತೆ ನೀರಿಗೆ ಸೀಸೆಯ ಹನಿ ಹಾಕಿ ಬಣ್ಣ ನೋಡುತ್ತಿದ್ದೆ (ಬಣ್ಣ ಏರಿದರೆ ನೀರು ಇನ್ನೂ ಕೆಟ್ಟಿದೆ ಎಂದರ್ಥ), ಆವಿಯಾದಷ್ಟು ಶುದ್ಧ ನೀರು ತುಂಬುತ್ತಿದ್ದೆ. ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನೊಳಗೆ ನಿಜವಾಗಿಯೂ ಹುಟ್ಟುತ್ತಿದ್ದವು. ಪಾಪ, ಅವನ್ನು ನೋಡಲು ಯಾರೂ ಬರಲಿಲ್ಲ.

ಮೂರನೆಯ ವಾರ ಗಾಜಿಗೆಲ್ಲ ಕಂದು ಪಾಚಿ ಹಿಡಿಯಿತು. ಅದರಾಚೆ ಕಲ್ಲೂ ಸರಿಯಾಗಿ ಕಾಣದು. ಆಗಿನಿಂದ ಮೀನು ಇನ್ನೂ ಚೆನ್ನಾಗಿ ಕಾಣತೊಡಗಿತು.

ಅದೇ ವಾರ ತಮ್ಮನ ಕಚೇರಿಯ ಸಾಹೇಬರು ಬಂದರು. ಇವರು ಊರಿನ ಅಂಗಡಿಗಳ ತಕ್ಕಡಿಗೂ ಅಳತೆಗೋಲಿಗೂ ಮುದ್ರೆ ಹಾಕುವವರು. ಇವರು ಹೇಳಿದ್ದೇ ಕಿಲೋ, ಇವರು ಹೇಳಿದ್ದೇ ಮೀಟರು. ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಹತ್ತು ನಿಮಿಷ ಕೂತರು. ತಮ್ಮ ಪಕ್ಕದಲ್ಲೇ ಕೈಕಟ್ಟಿ ನಿಂತ.

"ನಮ್ಮ ಹೆಡ್‌ಮಾಸ್ಟರಿಗೆ ಒಂದೇ ನಿಮಿಷಕ್ಕೆ ಕಾಣಿಸ್ತು ಸರ್," ಎಂದ ಕೊನೆಗೆ.

ಸಾಹೇಬರು ನೆಟ್ಟಗೆ ಕೂತರು. "ನೀಲಿ," ಎಂದರು. "ಬೆನ್ನಿನ ಮೇಲೆ ಹಳದಿ ಪಟ್ಟೆ. ಹದಿನಾರೂವರೆ ಸೆಂಟಿಮೀಟರ್."

ಅಲ್ಲಿಗೆ ಮೀನು ಸರ್ಕಾರಿಯಾಯಿತು. ಅಳತೆಯ ಸಾಹೇಬರು ಅಳೆದದ್ದನ್ನು ಇಲ್ಲ ಎನ್ನುವವರು ಯಾರು? ಸಾಯಂಕಾಲದೊಳಗೆ ಬೀದಿಯ ಎಲ್ಲರಿಗೂ ಮೊದಲ ದಿನ ತಾವು ನೋಡಿದ್ದು ನೀಲಿಯೇ ಎಂದು ನೆನಪಾಯಿತು. ಕೆಂಪು ಎಂದಿದ್ದ ಒಬ್ಬರು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದರು. ನನ್ನ ತಮ್ಮನೂ ಬದಲಾದ. ಸಾಹೇಬರು ಹೋದ ಮೇಲೆ ಅವನು ಕೋಣೆಯಲ್ಲಿ ಒಬ್ಬನೇ ಕೂತು, ಚಿಟಿಕೆ ಮೀನಿನ ಆಹಾರ ಹಾಕಿ, "ಬಾ, ಬಾ, ಯಾರೂ ಇಲ್ಲ," ಎಂದು ಮೆಲ್ಲಗೆ ಹೇಳುವುದನ್ನು ನಾನೇ ಕಿವಿಯಾರೆ ಕೇಳಿದೆ.

ಎದುರು ಮನೆಯಲ್ಲಿ ಬೋಗುಣಿಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಹೆಡ್‌ಮಾಸ್ಟರು ಒಂದು ವಾರ ಸಹಿಸಿದರು. ಆಮೇಲೆ ಮೀನುಗಾರಿಕೆ ಇಲಾಖೆಗೆ ಒಂದು ಅರ್ಜಿ ಬರೆದರು: ಇಂಥ ಬೀದಿಯ ಇಂಥ ಮನೆಯಲ್ಲಿ ಬಹು ಅಪರೂಪದ ಆಳ ಸಮುದ್ರದ ಮೀನೊಂದನ್ನು ಅನುಮತಿಯಿಲ್ಲದೆ ಸಾಕಲಾಗಿದೆ. ಜೊತೆಗೆ ಬಣ್ಣದ ಚಿತ್ರ. ಮೀಸೆ ಮೂರು. ಉದ್ದ ಸಾಹೇಬರು ಹೇಳಿದ್ದು. ಕೆಳಗೆ ಇಪ್ಪತ್ತೇಳು ಸಹಿ. ಸಹಿ ಹಾಕದವರು ನೋಡಿಲ್ಲ ಎಂದಾಗುತ್ತಿತ್ತಲ್ಲ, ಅದಕ್ಕೆ ಎಲ್ಲರೂ ಓಡಿಬಂದು ಹಾಕಿದ್ದರು. ಮಹಡಿಯಾಕೆ ಎರಡು ಸಲ ಹಾಕಿದ್ದಳು.

ಸೀಗಡಿ ಹಾಕಿದ ಮೂವತ್ತನೆಯ ದಿನ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಜೊತೆಗೆ ನಾಲ್ಕು ಡ್ರಮ್ಮು, ಒಂದು ಉದ್ದನೆ ಪೈಪು, ಇಬ್ಬರು ಆಳು. ಹಿಂದೆ ಸಾಕ್ಷಿಗಳಾಗಿ ಸಾಹೇಬರು, ಹೆಡ್‌ಮಾಸ್ಟರು, ಬೀದಿ. ಸಂದಿಯಲ್ಲಿ ಯಂತ್ರದ ಸದ್ದು ನಿಂತಿತು. ಅರವತ್ತರಲ್ಲಿ ಮೂವತ್ತೊಂದು ಆಗಿತ್ತು. ಶಾಲೆ ತೆರೆಯಲು ಹನ್ನೆರಡು ದಿನ.

"ಅನುಮತಿ ಪತ್ರ?" ಎಂದರು ಇನ್‌ಸ್ಪೆಕ್ಟರು.

ತಮ್ಮನಿಗೆ ಬೆವರು ಬಂತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಿಜ ಹೇಳುವ ಮನಸ್ಸೂ ಬಂತು. "ಮೀನೇ ಇಲ್ಲ ಸರ್."

"ಎಲ್ಲರೂ ಹೀಗೇ ಹೇಳೋದು."

"ಆಣೆ ಮಾಡಿ ಹೇಳ್ತೀನಿ ಸರ್, ಇಲ್ಲ! ಯಾವತ್ತೂ ಇರಲಿಲ್ಲ!"

ಇನ್‌ಸ್ಪೆಕ್ಟರು ಕಡತ ತೆರೆದರು. "ಇಪ್ಪತ್ತೇಳು ಜನ ನೋಡಿದಾರೆ. ಒಬ್ಬರು ಚಿತ್ರ ಬರೆದಿದಾರೆ. ಅಳತೆ ಇಲಾಖೆ ಮುಖ್ಯಸ್ಥರು ಸೆಂಟಿಮೀಟರ್ ಕೊಟ್ಟಿದಾರೆ. ನೀವೊಬ್ಬರು ಇಲ್ಲ ಅಂದ್ರೆ ಆಗುತ್ತೇನ್ರೀ?"

ಈ ಮಾತನ್ನು ಎಲ್ಲೋ ಕೇಳಿದ್ದೇನೆ ಎಂದು ತಮ್ಮನಿಗೂ ಅನಿಸಿರಬೇಕು. ಅವನು ಹೆಂಡತಿಯ ಕಡೆ ತಿರುಗಿ ನೋಡಿದ. ಅವಳು ಸಂದಿಯ ಬಾಗಿಲಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದಳು.

"ಸರ್, ಸಾಹೇಬ್ರೇ, ನೀವೇ ಹೇಳಿ," ಎಂದು ತಮ್ಮ ಸಾಹೇಬರ ಕೈ ಹಿಡಿಯಲು ಹೋದ.

"ನಾನು ಅಳತೆ ತಪ್ಪಿದೀನಿ ಅಂತೀಯಾ?" ಎಂದರು ಸಾಹೇಬರು.

ಆಳುಗಳು ಪೈಪು ಇಳಿಸಿ ನೀರನ್ನೆಲ್ಲ ಡ್ರಮ್ಮಿಗೆ ತುಂಬಿದರು. ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಅದೇ ನೀರಿಗೆ ಇಳಿಸಿದರು. ಮರಳು ಸೋಸಿದರು. ಪಂಪಿನೊಳಗೂ ಕೈ ಹಾಕಿ ನೋಡಿದರು. ಮೀನಿಲ್ಲ.

"ಬಚ್ಚಿಟ್ಟಿದಾನೆ," ಎಂದರು ಹೆಡ್‌ಮಾಸ್ಟರು.

"ಮೀನು ಎಲ್ಲಿಟ್ಟಿದೀರಿ ಹೇಳಿ. ಇಲ್ಲ ಅಂದ್ರೆ ತೊಟ್ಟಿ ಜೊತೆ ನೀವೂ ಜೀಪು ಹತ್ತಬೇಕಾಗುತ್ತೆ," ಎಂದರು ಇನ್‌ಸ್ಪೆಕ್ಟರು.

"ಹುರಿದೆ," ಎಂದಳು ತಮ್ಮನ ಹೆಂಡತಿ.

ಎಲ್ಲರೂ ಅವಳ ಕಡೆ ತಿರುಗಿದರು.

"ಏನಂದ್ರಿ?"

"ಮೊನ್ನೆ ಹುರಿದೆ. ಮಧ್ಯಾಹ್ನಕ್ಕೆ ಪಲ್ಯ ಇರಲಿಲ್ಲ."

"ಅಯ್ಯಯ್ಯೋ!" ಎಂದು ಕೂಗಿದವನು ಬೇರೆ ಯಾರೂ ಅಲ್ಲ, ನನ್ನ ತಮ್ಮ. ಕುರ್ಚಿಯ ಮೇಲೆ ಕುಸಿದ. "ಅದನ್ನ ಹುರಿದ್ಯಾ? ನನ್ನ ಒಂದು ಮಾತು ಕೇಳಬಾರದಿತ್ತಾ? ಈಗೀಗ ನನ್ನ ಗುರುತು ಹಿಡೀತಿತ್ತು ಕಣೇ!"

ಅವನ ಕಣ್ಣಲ್ಲಿ ನೀರು ಬಂದಿತ್ತು. ಆ ನೀರನ್ನು ನೋಡಿದ ಮೇಲೆ ಇನ್‌ಸ್ಪೆಕ್ಟರಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಅವರು ನಮೂನೆ ತೆಗೆದರು. ಅದರಲ್ಲಿ ಜೀವಂತ, ಮೃತ, ಪರಾರಿ ಎಂಬ ಮೂರು ಕಾಲಮುಗಳಿದ್ದವು.

"ತಿಂದದ್ದಕ್ಕೆ ಸಾಕ್ಷಿ ಯಾರು?"

ಊಟಕ್ಕೆ ಕರೆಯಿಸಿಕೊಳ್ಳದವರು ಎನಿಸಿಕೊಳ್ಳುವುದು ಬೀದಿಯಲ್ಲಿ ಯಾರಿಗೆ ಬೇಕು?

"ನಮ್ಮ ಮನೆಗೂ ಒಂದು ತುಂಡು ಕೊಟ್ಟಿದ್ರು," ಎಂದಳು ಮಹಡಿಯಾಕೆ. "ಬಾಲದ ಕಡೇದು. ಮೆತ್ತಗಿತ್ತು."

"ಮುಳ್ಳು ಜಾಸ್ತಿ," ಎಂದರು ಹೆಡ್‌ಮಾಸ್ಟರು, ಹಲ್ಲಿನ ಸಂದಿಯನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತ. "ಉಪ್ಪು ಸ್ವಲ್ಪ ಮುಂದಾಗಿತ್ತು. ಆದರೂ ಕೊಟ್ಟಿದ್ದಾರಲ್ಲ ಅಂತ ನಾನು ಏನೂ ಅನ್ನಲಿಲ್ಲ."

"ಸಮುದ್ರದ್ದಲ್ವಾ, ಉಪ್ಪಿರುತ್ತೆ," ಎಂದು ಹಿಂದಿನಿಂದ ಯಾರೋ ಸಮಾಧಾನ ಹೇಳಿದರು.

ಸಾಹೇಬರೊಬ್ಬರೇ ಮಾತಾಡಲಿಲ್ಲ. ಅವರ ಮುಖ ಸಪ್ಪಗಾಗಿತ್ತು.

ಇನ್‌ಸ್ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. "ಸಾಕೋದಕ್ಕೆ ನಮ್ಮ ಅನುಮತಿ ಬೇಕು. ತಿನ್ನೋದಕ್ಕೆ ಬೇಡ. ಜನ ಹೆಚ್ಚು ಹೆಚ್ಚು ಮೀನು ತಿನ್ನಲಿ ಅಂತಾನೇ ನಮ್ಮ ಇಲಾಖೆ ಇರೋದು. ಕೇಸು ಮುಗೀತು." ಆಳುಗಳಿಗೆ ಹೇಳಿದರು: "ನೀರು ವಾಪಸ್ ತುಂಬ್ರಪ್ಪ."

"ತಡೀರಿ," ಎಂದಳು ತಮ್ಮನ ಹೆಂಡತಿ. "ಹೇಗೂ ಖಾಲಿ ಮಾಡಿದೀರಿ. ಆ ತೊಟ್ಟೀನ ಎತ್ತಿ ಈ ಸಂದೀಲಿ ಇಟ್ಟು ತುಂಬಿಬಿಡಿ. ಮಿಷನ್ನು ಅಲ್ಲಿಗೆ." ಆಮೇಲೆ ಗಂಡನ ಕಡೆ ತಿರುಗಿ, "ಏನ್ರೀ, ಮೀನು ಇಲ್ಲ ತಾನೇ ಈಗ?"

ತಮ್ಮ ಸುತ್ತ ನೋಡಿದ. ಇದೆ ಎಂದರೆ ಜೀಪು.

"ಇಲ್ಲ," ಎಂದ.

"ಅತ್ತಿಗೆ, ಕೇಳಿಸ್ಕೊಂಡ್ರಾ?"

"ಕೇಳಿಸ್ತಮ್ಮ," ಎಂದೆ. ಇಷ್ಟು ದಿನಕ್ಕೆ ನನ್ನ ಸಾಕ್ಷಿಗೂ ಒಂದು ಕೆಲಸ ಸಿಕ್ಕಿತು.

ಮರುದಿನ ಕಚೇರಿಯಲ್ಲಿ ಸಾಹೇಬರು ತಮ್ಮನನ್ನು ಒಳಗೆ ಕರೆದರು. ಅರ್ಧ ಗಂಟೆ ನಿಲ್ಲಿಸಿದರು. ಕೊನೆಗೆ ಇಷ್ಟೇ ಅಂದರಂತೆ: "ಅಳೆದವನು ನಾನು. ಬೀದಿಗೆಲ್ಲ ಹಂಚಿದೀಯ. ನನಗೊಂದು ತುಂಡು ಉಳಿಸೋಕೆ ಆಗಲಿಲ್ವಾ?" ತಮ್ಮ ಇನ್ನೂ ಅದೇ ಗುಮಾಸ್ತ.

ಸಮವಸ್ತ್ರಗಳು ಶಾಲೆ ತೆರೆಯುವ ಹಿಂದಿನ ದಿನ ಅರವತ್ತಾದವು. ಎಡತೋಳು ಎಡಕ್ಕೇ ಇತ್ತು. ಬಟ್ಟೆ ಒಪ್ಪಿಸಿ ಬರುವಾಗ ತಮ್ಮನ ಹೆಂಡತಿ ಅಂಗಡಿಯವನ ಹತ್ತಿರ ಹೋಗಿದ್ದಳು. ನಲವತ್ತು ದಿನ ಕಳೆದಿತ್ತು, ಸೀಸೆಯ ಹನಿ ಹಾಕಿದರೆ ನೀರು ತಿಳಿಯಾಗಿಯೇ ಉಳಿಯುತ್ತಿತ್ತು, ಸಂದಿಯ ನೆರಳಿಗೆ ಪಾಚಿಯೂ ಹೋಗಿತ್ತು. ಅವಳ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಹೆಬ್ಬೆರಳಷ್ಟು ದೊಡ್ಡ ಕಿತ್ತಳೆ ಬಣ್ಣದ ಮೀನೊಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಮೈಮೇಲೆ ಮೂರು ಬಿಳಿ ಪಟ್ಟೆ. ಚೀಲವನ್ನು ನೀರಿನಲ್ಲಿ ತೇಲಿಬಿಟ್ಟು, ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ನಾನೇ ಮೆಲ್ಲಗೆ ಚೀಲದ ಬಾಯಿ ಬಿಚ್ಚಿದೆ. ಇಳಿದ ತಕ್ಷಣ ಎದುರಿಗೆ ಬಂದು ನಮ್ಮನ್ನೆಲ್ಲ ನೋಡಿತು. ಇದಕ್ಕೆ ಸಂಕೋಚವೆಂಬುದೇ ಇಲ್ಲ.

ಅನುಮತಿ ಕೇಳಿ ನಾನೇ ಇಲಾಖೆಗೆ ಬರೆದೆ. ಇಷ್ಟು ಸಣ್ಣದಕ್ಕೆ ಬೇಡ ಎಂದು ಉತ್ತರ ಬಂತು.

ನೋಡಲು ಯಾರೂ ಬರಲಿಲ್ಲ. ಮಹಡಿಯಾಕೆ ಒಮ್ಮೆ ಸಕ್ಕರೆ ಕೇಳಲು ಬಂದವಳು ಸಂದಿಗೆ ತಲೆ ಹಾಕಿ, "ಓ, ಇದು ಸುಮ್ಮನೆ ಕಾಣುತ್ತೆ," ಎಂದು ಹೋದಳು. ಹೆಡ್‌ಮಾಸ್ಟರು, "ಆ ನೀಲಿಯ ಗತ್ತು ಇದಕ್ಕೆಲ್ಲಿಂದ ಬರಬೇಕು?" ಎಂದರು.

ಈಗ ತಮ್ಮ ಸಾಯಂಕಾಲ ಕಚೇರಿಯಿಂದ ಬಂದು, ಮಣೆ ಹಾಕಿಕೊಂಡು ಸಂದಿಯಲ್ಲಿ ಕೂರುತ್ತಾನೆ. ಮೀನು ಅವನ ಬೆರಳು ಹೋದ ಕಡೆ ಹೋಗುತ್ತದೆ. ಮೊನ್ನೆ ಹೆಡ್‌ಮಾಸ್ಟರು ಪತ್ರಿಕೆ ಕೊಡಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು: "ಏನಪ್ಪಾ, ಯಾವ ಜಾತಿ ಇದು? ಏನು ತಿನ್ನುತ್ತೆ? ಎಷ್ಟು ವರ್ಷ ಬದುಕುತ್ತೆ?"

ತಮ್ಮ ಮೀನಿನಿಂದ ಕಣ್ಣು ತೆಗೆಯದೆ ಹೇಳಿದ: "ಗೊತ್ತಿಲ್ಲ ಸರ್. ಅಕ್ಕನ್ನ ಕೇಳಿ."

ಕಿಟಕಿಯ ಹತ್ತಿರ ಯಂತ್ರದ ಸದ್ದು ನಿಂತಿತು. ಕೈಪಿಡಿಯ ಮೇಲಿದ್ದ ನನ್ನ ಬೆರಳೂ ನಿಂತಿತು. ಹೆಡ್‌ಮಾಸ್ಟರು ಮಾತ್ರ ಕಣ್ಣು ಕಿರಿದುಮಾಡಿ ಅವನನ್ನು ಒಂದು ನಿಮಿಷ ನೋಡಿದರು. ನನ್ನನ್ನು ಏನೂ ಕೇಳದೆ ಹೊರಗೆ ಹೋದರು. ಗೇಟಿನ ಹತ್ತಿರ ಮಹಡಿಯಾಕೆಗೆ ಹೇಳುತ್ತಿದ್ದುದು ಒಳಗೆಲ್ಲ ಕೇಳಿಸಿತು:

"ಗೊತ್ತಿಲ್ಲ ಅಂತಾನಮ್ಮ. ಗೊತ್ತಪ್ಪ! ಏನೋ ದೊಡ್ಡದನ್ನೇ ಮುಚ್ಚಿಡ್ತಿದಾನೆ. ಇವತ್ತೇ ಒಂದು ಅರ್ಜಿ ಬರೀಬೇಕು."